ಬಿಚ್ಚಿ ಕಟ್ಟಿದ ಹಿಂದಿನ ಡಿಫರೆನ್ಶಿಯಲ್ ಊಳಿಟ್ಟರೆ: ಫೋರ್ಡ್ 8.8ರಲ್ಲಿ ತಪ್ಪು ಹುಡುಕುವ ಕ್ರಮ

ಹೊಸ ಬೇರಿಂಗ್, ಹೊಸ ಸೀಲ್, ಬಹುಶಃ ಹೊಸ ಕ್ರೌನ್-ಪಿನಿಯನ್ (ಜೋಡಿ ಗೇರು: ದೊಡ್ಡ ಉಂಗುರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್) ಕೂಡ ಹಾಕಿ ಡಿಫರೆನ್ಶಿಯಲ್‌ನ, ಅಂದರೆ ಹಿಂದಿನ ಆಕ್ಸಲ್ ನಡುವಿನ ಗೇರು ಪೆಟ್ಟಿಗೆಯ, ಮುಚ್ಚಳ ಬಿಗಿದಾಗಿದೆ. ಟ್ರಕ್ ರಸ್ತೆಗಿಳಿದು ಗಂಟೆಗೆ 70 ಕಿ.ಮೀ. ಮುಟ್ಟುತ್ತಿದ್ದಂತೆ ಹಿಂದಿನಿಂದ ‘ಊಂ’ ಎಂಬ ಸದ್ದು ಏಳುತ್ತದೆ. ಆಗ ಹೆಚ್ಚಿನವರು ಶೆಡ್ಡಿಗೆ ಮರಳಿ ಮೊದಲು ಮಾಡುವುದು ಮುಚ್ಚಳ ಕಳಚುವ ಕೆಲಸ. ಅದನ್ನು ಮಾಡಬೇಡಿ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ, ಯಾವ ಭಾಗ ಬಿಸಿಯಾಗಿದೆ ಎನ್ನುವುದೆಲ್ಲ ಗಾಡಿ ಓಡುವಾಗ ಮಾತ್ರ ತಿಳಿಯುತ್ತದೆ. ಬಿಚ್ಚಿದ ಮೇಲೆ ಉಳಿಯುವುದು ಅಳತೆಗಳು ಮಾತ್ರ. ಯಾವ ಅಳತೆಯನ್ನು ಅನುಮಾನಿಸಬೇಕು ಎಂಬುದನ್ನು ರಸ್ತೆಯೇ ಹೇಳಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಫೋರ್ಡ್ 8.8 ಇಂಚಿನ ಹಿಂದಿನ ಆಕ್ಸಲ್. 1983ರಿಂದ ಎಫ್-150 ಪಿಕಪ್‌ಗಳಲ್ಲಿ ಬಂದದ್ದು. ಎಕ್ಸ್‌ಪ್ಲೋರರ್, ಮಸ್ಟ್ಯಾಂಗ್‌ಗಳಲ್ಲೂ ಇದೇ ಕುಟುಂಬ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ಜನ ತಾವೇ ಬಿಚ್ಚಿ ಕಟ್ಟುವ ಆಕ್ಸಲ್‌ಗಳ ಪೈಕಿ ಇದೂ ಒಂದು, ಹಾಗಾಗಿ ಅಲ್ಲಿರುವ ಕನ್ನಡಿಗರ ಕೈಗೂ ಸಿಗುತ್ತಿರುತ್ತದೆ. ನಿಮ್ಮದು ಇದೇ ಹೌದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. 8.8ರ ಮುಚ್ಚಳಕ್ಕೆ 10 ಬೋಲ್ಟ್. 1997ರಿಂದ ಈಚಿನ ಕೆಲವು ಎಫ್-150ಗಳಲ್ಲಿರುವ 9.75 ಇಂಚಿನದಕ್ಕೆ 12 ಬೋಲ್ಟ್, ಅದರ ಅಂಕಿಗಳೂ ಬೇರೆ. ಮುಚ್ಚಳದ ಬೋಲ್ಟ್‌ಗೆ ಸಿಕ್ಕಿಸಿದ ತಗಡಿನ ಚೀಟಿ ಉಳಿದಿದ್ದರೆ ಅದರಲ್ಲಿ ರೇಷಿಯೋ (ಕ್ರೌನ್ ಒಂದು ಸುತ್ತು ಸುತ್ತಲು ಪಿನಿಯನ್ ಎಷ್ಟು ಸುತ್ತಬೇಕು ಎಂಬ ಅಂಕಿ) ಇರುತ್ತದೆ: ‘3 73’ ಎಂದಿದ್ದರೆ ಸಾದಾ ಡಿಫರೆನ್ಶಿಯಲ್, ನಡುವೆ ‘ಎಲ್’ ಅಕ್ಷರವಿದ್ದರೆ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ಮನೆ ಸುತ್ತದಂತೆ ಕ್ಲಚ್ಚಿನಿಂದ ತಡೆಯುವಂಥದ್ದು.

ನಮ್ಮ ಕಡೆಯ ಲಾರಿ ಗ್ಯಾರೇಜುಗಳಲ್ಲಿ ಕೆಲಸ ನೋಡಿದವರಿಗೆ ಒಂದು ವ್ಯತ್ಯಾಸ ಮೊದಲೇ ಗೊತ್ತಿರಲಿ. ಆ ಲಾರಿಗಳ ಅನೇಕ ಆಕ್ಸಲ್‌ಗಳಲ್ಲಿ ಕ್ರೌನನ್ನು ಅತ್ತಿತ್ತ ಸರಿಸಲು ಥ್ರೆಡ್ ಇರುವ ಸೈಡ್ ನಟ್ ಇರುತ್ತದೆ, ತಿರುಗಿಸಿದರೆ ಆಯಿತು. 8.8ರಲ್ಲಿ ಆ ಸೌಕರ್ಯವಿಲ್ಲ. ಎರಡೂ ಬದಿಯಲ್ಲಿ ಅಳತೆಯ ಶಿಮ್ ಬಿಲ್ಲೆಗಳನ್ನು ತಟ್ಟಿ ಕೂರಿಸಬೇಕು. ಇಂಚಿನ ಸಾವಿರದ ಒಂದು ಭಾಗ, ಲೇತ್ ಅಂಗಡಿಯವರು ‘ಥೌ’ ಎನ್ನುವುದು, ಇಲ್ಲಿ ದಿನಬಳಕೆಯ ಅಳತೆ. 1 ಥೌ ಎಂದರೆ 0.025 ಮಿ.ಮೀ.

ಡಿಫರೆನ್ಶಿಯಲ್ ಅಲ್ಲದ್ದನ್ನು ಮೊದಲು ತೆಗೆದುಹಾಕಿ

ಟೈರಿನ ಸದ್ದು ರಸ್ತೆಯ ಮೇಲ್ಮೈ ಬದಲಾದಾಗ ಬದಲಾಗುತ್ತದೆ. ಕಾಂಕ್ರೀಟಿನಿಂದ ನುಣುಪಾದ ಡಾಂಬರಿಗೆ ಬಂದಾಗ ಸದ್ದು ಇಳಿದರೆ ನಿಮ್ಮ ಕೆಲಸದಲ್ಲಿ ದೋಷವಿಲ್ಲ. ಡಿಫರೆನ್ಶಿಯಲ್‌ನ ಸದ್ದಿಗೆ ರಸ್ತೆಯ ಗೊಡವೆ ಇಲ್ಲ; ಅದು ಆಕ್ಸಿಲರೇಟರ್ ಮೇಲಿನ ಕಾಲಿನ ಜೊತೆ ಬದಲಾಗುತ್ತದೆ.

ವೇಗ ಏರಿದಂತೆ ಏರುವ ನಡುಕಕ್ಕೆ ಸಾಮಾನ್ಯವಾಗಿ ಕಾರಣ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಮುಂದಿನಿಂದ ಹಿಂದಿನ ಆಕ್ಸಲಿಗೆ ಬರುವ ಉದ್ದನೆಯ ಶಾಫ್ಟ್. ಅದನ್ನು ಬಿಚ್ಚುವಾಗ ಪಿನಿಯನ್ ಫ್ಲ್ಯಾಂಜಿಗೂ (ಪಿನಿಯನ್ ತುದಿಯಲ್ಲಿ ಶಾಫ್ಟ್ ಕೂರುವ ಬಿಲ್ಲೆ) ಶಾಫ್ಟಿಗೂ ಸೇರಿಸಿ ಗುರುತು ಹಾಕಿರದಿದ್ದರೆ ಮರುಜೋಡಣೆಯಲ್ಲಿ ಬೇರೆ ದಿಕ್ಕಿನಲ್ಲಿ ಕೂತಿರುವ ಸಾಧ್ಯತೆ ಹೆಚ್ಚು. ನಾಲ್ಕು ಬೋಲ್ಟ್ (12 ಮಿ.ಮೀ., 12 ಮೂಲೆಯ ಸಾಕೆಟ್) ಕಳಚಿ, ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ನೋಡಿ. 20 ನಿಮಿಷದ ಕೆಲಸ. ಹೊರಡುವಾಗ, ನಿಲ್ಲುವಾಗ ಮಾತ್ರ ‘ಟಕ್’ ಎಂದರೆ ಯೂನಿವರ್ಸಲ್ ಜಾಯಿಂಟಿನ ಕ್ರಾಸ್ ಅಥವಾ ಗ್ರೀಸಿಲ್ಲದ ಸ್ಲಿಪ್ ಯೋಕ್ ನೋಡಿ.

4x4 ಗಾಡಿಯಲ್ಲಿ ಹಿಂದಿನ ರೇಷಿಯೋ ಮಾತ್ರ ಬದಲಿಸಿ ಮುಂದಿನದನ್ನು ಹಾಗೇ ಬಿಟ್ಟಿದ್ದರೆ ಒಣರಸ್ತೆಯಲ್ಲಿ ನಾಲ್ಕು ಚಕ್ರದ ಗೇರ್ ಹಾಕಲೇಬೇಡಿ. ಎರಡು ಆಕ್ಸಲ್‌ಗಳು ಒಂದರ ವಿರುದ್ಧ ಒಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ.

ರಸ್ತೆಯ ಪರೀಕ್ಷೆ: ನಾಲ್ಕು ಸ್ಥಿತಿ

ಖಾಲಿ, ನೇರ ರಸ್ತೆ ಬೇಕು. ಪಕ್ಕದಲ್ಲಿ ಕೂತವರೊಬ್ಬರು ಬರೆದುಕೊಳ್ಳಲಿ. ಮೊದಲು 15 ಕಿ.ಮೀ. ಓಡಿಸಿ ಆಯಿಲ್ ಬಿಸಿಯಾಗಲಿ. ಆಮೇಲೆ 50, 70, 90 ಕಿ.ಮೀ. ವೇಗಗಳಲ್ಲಿ ಈ ನಾಲ್ಕನ್ನೂ ಮಾಡಿ: ಆಕ್ಸಿಲರೇಟರ್ ಒತ್ತಿ ಎಳೆಸುವುದು, ವೇಗ ಏರದಂತೆ ಇಳಿಯದಂತೆ ಹಿಡಿಯುವುದು, ಗೇರಿನಲ್ಲೇ ಕಾಲು ತೆಗೆದು ಇಳಿಸುವುದು, ನ್ಯೂಟ್ರಲ್ ಮಾಡಿ ತೇಲಿಸುವುದು.

ಎಳೆಯುವಾಗ ಮಾತ್ರ ಊಳಿಟ್ಟು ಕಾಲು ತೆಗೆದೊಡನೆ ನಿಂತರೆ ಅದು ಹಲ್ಲಿನ ಸದ್ದು. ಪಿನಿಯನ್ ಆಳ (ಅದು ಕ್ರೌನಿಗೆ ಎಷ್ಟು ಹತ್ತಿರ ಕೂತಿದೆ ಎಂಬುದು) ತಪ್ಪಿದೆ, ಇಲ್ಲವೇ ಹಳೆಯ ಕ್ರೌನ್-ಪಿನಿಯನ್ ಮರುಬಳಕೆಯಲ್ಲಿ ಮೊದಲಿದ್ದ ಜಾಗ ತಪ್ಪಿದೆ. ಇದಕ್ಕೆ ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ.

ಇಳಿಸುವಾಗ ಮಾತ್ರ ಬರುವ ‘ವ್ರ್ರ್’ ಎಂಬ ಗುನುಗು ಹೆಚ್ಚಾಗಿ ಪಿನಿಯನ್ ಬೇರಿಂಗಿನದು, ಅಂದರೆ ಪ್ರೀಲೋಡ್ (ಬೇರಿಂಗಿನಲ್ಲಿ ಆಟ ಉಳಿಯದಂತೆ ಮೊದಲೇ ಕೊಟ್ಟ ಬಿಗಿ) ಸಾಲದು ಅಥವಾ ಇದ್ದದ್ದು ಹೋಗಿದೆ. ಎಂಜಿನ್ ಎಳೆಯುವಾಗ ಒಂದು ದಿಕ್ಕಿಗೆ ಒತ್ತಿಕೊಂಡಿದ್ದ ಪಿನಿಯನ್, ಕಾಲು ತೆಗೆದಾಗ ಇನ್ನೊಂದು ದಿಕ್ಕಿಗೆ ಸರಿಯುತ್ತದೆ. ಬೇರಿಂಗ್ ಬಿಗಿಯಾಗಿದ್ದರೆ ಆ ಸರಿದಾಟಕ್ಕೆ ಜಾಗವೇ ಇರುವುದಿಲ್ಲ. ‘ಮೊದಲ ದಿನ ಸುಮ್ಮನಿತ್ತು, 80 ಕಿ.ಮೀ. ಓಡಿದ ಮೇಲೆ ಶುರುವಾಯಿತು’ ಎಂದಾದರೆ ಇದರ ಮೇಲೆ ಅನುಮಾನ ಇನ್ನೂ ಗಟ್ಟಿ. ಕಾರಣ ಕೆಳಗೆ ಬರುತ್ತದೆ.

ನ್ಯೂಟ್ರಲ್‌ನಲ್ಲೂ ಒಂದೇ ಸಮ ಗುಡುಗುಡು ಎನ್ನುತ್ತಿದ್ದರೆ ಕ್ಯಾರಿಯರ್ (ಕ್ರೌನನ್ನು ಹೊತ್ತು ತಿರುಗುವ ಭಾಗ) ಬೇರಿಂಗ್ ಅಥವಾ ಚಕ್ರದ ಬೇರಿಂಗ್. ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆಯ ಬೇರಿಂಗ್ ಮೊದಲು ನೋಡಬೇಕಾದದ್ದು. 8.8ರಲ್ಲಿ ಚಕ್ರದ ಬೇರಿಂಗಿನ ರೋಲರ್‌ಗಳು ನೇರವಾಗಿ ಆಕ್ಸಲ್ ಶಾಫ್ಟಿನ ಮೇಲೇ ಉರುಳುತ್ತವೆ, ಒಳ ರೇಸ್ ಎಂಬುದೇ ಇಲ್ಲ. ಶಾಫ್ಟಿನ ಮೇಲೆ ಗುಳಿ ಬಿದ್ದಿದ್ದರೆ ಎಷ್ಟೇ ಹೊಸ ಬೇರಿಂಗ್ ಹಾಕಿದರೂ ಸದ್ದು ಬಿಡುವುದಿಲ್ಲ. ಶಾಫ್ಟ್ ಬದಲಿಸಬೇಕು, ಅಥವಾ ರೋಲರ್‌ಗಳನ್ನು ಶಾಫ್ಟಿನ ಬೇರೆ ಜಾಗಕ್ಕೆ ಸರಿಸುವ ರಿಪೇರಿ ಬೇರಿಂಗ್ ಹಾಕಬೇಕು.

ತಾಳ ಹಿಡಿದಂತೆ ‘ಟಿಕ್, ಟಿಕ್’ ಬರುತ್ತಿದ್ದರೆ ಎಣಿಸಿ. 3.73 ರೇಷಿಯೋದಲ್ಲಿ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 11. ಹಳೆಯ ಎಫ್-150ರ 235/75ಆರ್15 ಟೈರು ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ. ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಿ, ಇನ್ನೊಬ್ಬರು ಪಕ್ಕದಲ್ಲಿ ನಡೆಯಲಿ. ಪ್ರತಿ 2.3 ಮೀಟರಿಗೊಂದು ಟಿಕ್ ಎಂದರೆ ಕ್ರೌನಿನ ಒಂದು ಹಲ್ಲಿಗೆ ಪೆಟ್ಟಾಗಿದೆ, ಇಲ್ಲವೇ ಕ್ರೌನ್ ಬೋಲ್ಟೊಂದು ಸಡಿಲಾಗಿ ಎಲ್ಲೋ ತಾಕುತ್ತಿದೆ. ಸುಮಾರು 60 ಸೆಂ.ಮೀ.ಗೊಂದು ಎಂದರೆ ಪಿನಿಯನ್ನಿನ ಹಲ್ಲು. ಎರಡೂ ಅಲ್ಲದೆ ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸ್ಪೈಡರ್ ಗೇರುಗಳು (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಚಿಕ್ಕ ಗೇರುಗಳು) ಅಥವಾ ಲಿಮಿಟೆಡ್ ಸ್ಲಿಪ್ ಕ್ಲಚ್. ಕ್ರೌನ್ ಹಲ್ಲಿನ ಸಣ್ಣ ಪೆಟ್ಟು ಸಾಮಾನ್ಯವಾಗಿ ಜೋಡಿಸುವಾಗ ಬೆಂಚಿನ ಮೇಲೆ ತಾಗಿದ್ದು. ಆ ಉಬ್ಬನ್ನು ನುಣುಪು ಎಣ್ಣೆಗಲ್ಲಿನಿಂದ ತೀಡಬಹುದು, ಫೈಲ್ ಮುಟ್ಟಿಸಬೇಡಿ.

ಗಾಡಿಯನ್ನು ಸ್ಟ್ಯಾಂಡಿನ ಮೇಲೇರಿಸಿ ಗೇರ್ ಹಾಕಿ, ಕೆಳಗೆ ಮಲಗಿ ಆಲಿಸುವ ಅಭ್ಯಾಸ ಕೆಲವರಿಗಿದೆ. ಅದರಲ್ಲಿ ಜೀವಕ್ಕೆ ಅಪಾಯವಿದೆ. ಮೇಲಾಗಿ ಹಲ್ಲಿನ ಮೇಲೆ ಹೊರೆಯೇ ಇಲ್ಲದ ಆ ಸ್ಥಿತಿಯಲ್ಲಿ ಕೇಳುವ ಸದ್ದು ನಿಜವನ್ನು ಹೇಳುವುದೂ ಇಲ್ಲ.

ಬಿಸಿ ಮತ್ತು ಆಯಿಲ್

ಪರೀಕ್ಷೆ ಮುಗಿದೊಡನೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮೂರು ಕಡೆ ನೋಡಿ: ಪಿನಿಯನ್ ಕುತ್ತಿಗೆ (ಪಿನಿಯನ್ ಬೇರಿಂಗುಗಳು ಕೂತಿರುವ ಮುಂಭಾಗ), ಮುಚ್ಚಳ, ಎರಡೂ ತುದಿಯ ಆಕ್ಸಲ್ ಕೊಳವೆ. ಒಂದೊಂದು ಅಂಕಿಗಿಂತ ಅವುಗಳ ನಡುವಿನ ಅಂತರ ಮುಖ್ಯ. ಹೊಸ ಹಲ್ಲು, ಹೊಸ ಬೇರಿಂಗ್ ಒಂದಿಷ್ಟು ಬಿಸಿಯಾಗುವುದು ಸಹಜ. ಮುಚ್ಚಳಕ್ಕಿಂತ ಪಿನಿಯನ್ ಕುತ್ತಿಗೆ ಬಹಳ ಬಿಸಿಯಾಗಿ, ಹತ್ತಿರ ಹೋದರೆ ಸುಟ್ಟ ಬಣ್ಣದ ವಾಸನೆ ಬಂದರೆ ಪ್ರೀಲೋಡ್ ಅತಿಯಾಗಿದೆ ಅಥವಾ ಮುಂದಿನ ಬೇರಿಂಗಿಗೆ ಆಯಿಲ್ ತಲುಪಿಲ್ಲ. ಆ ಸ್ಥಿತಿಯಲ್ಲಿ ಇನ್ನೊಂದು ಕಿಲೋಮೀಟರ್ ಕೂಡ ಓಡಿಸಬಾರದು.

ಮುಂದಿನ ಪಿನಿಯನ್ ಬೇರಿಂಗಿಗೆ ಆಯಿಲ್ ಹೋಗುವುದು ಕ್ರೌನ್ ಎರಚಿದಾಗ ಮಾತ್ರ. ಒಣಗಿದ ಬೇರಿಂಗ್ ಹಾಕಿ ಮುಚ್ಚಳ ಬಿಗಿದು ನೇರವಾಗಿ ಹೆದ್ದಾರಿಗೆ ಹೋದರೆ ಮೊದಲ ಕೆಲವು ನಿಮಿಷಗಳಲ್ಲೇ ರೋಲರ್ ನೀಲಿಗಟ್ಟುತ್ತದೆ. ಜೋಡಿಸುವಾಗಲೇ ಬೇರಿಂಗುಗಳನ್ನು ಗೇರ್ ಆಯಿಲಿನಲ್ಲಿ ಅದ್ದಿ ಹಾಕಬೇಕು.

ಮಟ್ಟ: ತುಂಬುವ ತೂತಿನ ಕೆಳ ಅಂಚಿಗಿಂತ 6ರಿಂದ 14 ಮಿ.ಮೀ. ಕೆಳಗೆ, ಗಾಡಿ ಸಮತಟ್ಟಾಗಿ ನಿಂತಿರಬೇಕು. ಎಫ್-150ರಲ್ಲಿ ಸುಮಾರು 2.6 ಲೀಟರ್ ಹಿಡಿಯುತ್ತದೆ. ಜಿಎಲ್-5 ದರ್ಜೆಯ ಗೇರ್ ಆಯಿಲ್ ಆಗಿರಲೇಬೇಕು. ಭಾರ ಎಳೆಯುವ ಗಾಡಿಗೆ 75ಡಬ್ಲ್ಯು-140 ಸಿಂಥೆಟಿಕ್ ಒಳ್ಳೆಯ ಆಯ್ಕೆ. ದಪ್ಪ ಆಯಿಲ್ ಹಾಕಿ ಸದ್ದು ಅಡಗಿಸಿದರೆ ಹಲ್ಲು ಸವೆಯುವುದು ನಿಲ್ಲುವುದಿಲ್ಲ, ನಿಮಗೆ ಕೇಳುವುದು ನಿಲ್ಲುತ್ತದೆ ಅಷ್ಟೆ.

ಆಯಿಲ್ ಇಳಿಸುವಾಗ ಬಿಳಿ ಬಟ್ಟೆಯ ಮೇಲೆ ಸೋಸಿ, ಆಯಸ್ಕಾಂತ ಆಡಿಸಿ. ಬೆರಳಿಗೆ ಹತ್ತುವ ಬೂದು ಲೇಪ ಹೊಸ ಗೇರಿನ ಮೊದಲ ಸವೆತ, ಅದಕ್ಕೆ ಹೆದರಬೇಕಿಲ್ಲ. ಉಗುರಿಗೆ ಸಿಗುವ ಚಕ್ಕೆ ಬಂದರೆ ಬೇರಿಂಗ್ ಅಥವಾ ಹಲ್ಲು ಮುರಿಯುತ್ತಿದೆ. ಕಪ್ಪು ಕಾಗದದಂಥ ಚೂರು ಲಿಮಿಟೆಡ್ ಸ್ಲಿಪ್ ಕ್ಲಚ್ಚಿನದು. ಬೂದು ಎರಕದ ತುಂಡು ಸಿಕ್ಕರೆ ಕಂಪನಿಯ ಬದಿ ಶಿಮ್ ಒಡೆದಿದೆ. ಅವು ಎರಕದ ಕಬ್ಬಿಣದವು, ಸುತ್ತಿಗೆಯ ಪೆಟ್ಟಿಗೆ ಬಿರುಕು ಬಿಡುತ್ತವೆ. ಮರುಜೋಡಣೆಗೆ ಉಕ್ಕಿನ ಶಿಮ್ ಸೆಟ್ ಕೊಳ್ಳುವುದೇ ಮೇಲು.

ಮುಚ್ಚಳ ತೆಗೆದ ಮೇಲೆ, ಬಿಚ್ಚುವ ಮುನ್ನ

ಹಿಂಭಾಗ ಸ್ಟ್ಯಾಂಡಿನ ಮೇಲೆ, ಮುಂದಿನ ಚಕ್ರಗಳಿಗೆ ಮುಂದೂ ಹಿಂದೂ ಅಡೆ. ಆಕ್ಸಲ್ ಹೊರಬರಬೇಕಾದರೆ ಕ್ರಾಸ್ ಪಿನ್ನಿನ (ಸ್ಪೈಡರ್ ಗೇರುಗಳನ್ನು ಹಿಡಿದಿರುವ ಪಿನ್) ಲಾಕ್ ಬೋಲ್ಟ್ ತೆಗೆದು, ಪಿನ್ ಜಾರಿಸಿ, ಆಕ್ಸಲ್ ಒಳಕ್ಕೆ ತಳ್ಳಿದಾಗ ‘ಸಿ’ ಆಕಾರದ ಕ್ಲಿಪ್ ಬೀಳುತ್ತದೆ. ಕ್ರಾಸ್ ಪಿನ್ ಹೊರಗಿರುವಾಗ ಆಕ್ಸಲ್ ತಿರುಗಿಸಬೇಡಿ, ಸ್ಪೈಡರ್ ಗೇರುಗಳು ಉರುಳಿ ಹೊರಬೀಳುತ್ತವೆ. ಲಿಮಿಟೆಡ್ ಸ್ಲಿಪ್‌ನಲ್ಲಿ ನಡುವೆ ಇರುವ ‘ಎಸ್’ ಆಕಾರದ ಸ್ಪ್ರಿಂಗ್ ಸಿಡಿದು ಹಾರುತ್ತದೆ. ಕನ್ನಡಕ ಹಾಕದೆ ಅದರ ಹತ್ತಿರ ಹೋಗಬಾರದು.

ಆದರೆ ಕ್ಯಾರಿಯರ್ ಹೊರತೆಗೆಯುವ ಮೊದಲೇ ಹಲ್ಲಿನ ನಡುವಿನ ಪ್ಲೇ (ಸಡಿಲ ಆಟ) ಅಳೆದು ಬರೆದಿಡಿ, ಬಣ್ಣ ಹಚ್ಚಿ ಹಲ್ಲಿಗೆ ಹಲ್ಲು ತಾಗುವ ಜಾಗದ ಗುರುತನ್ನೂ ಮೂಡಿಸಿ (ಕ್ರಮ ಮುಂದಿದೆ) ಫೋಟೊ ಹಿಡಿಯಿರಿ. ಸದ್ದು ಮಾಡಿದ ಜೋಡಣೆ ಯಾವುದೆಂದು ಗೊತ್ತಿದ್ದರೆ ತಾನೇ ಮುಂದಿನದನ್ನು ಅದರ ಪಕ್ಕದಲ್ಲಿಟ್ಟು ನೋಡಲು ಆಗುವುದು.

ಪ್ಲೇ ಅಳೆಯಲು ಮ್ಯಾಗ್ನೆಟಿಕ್ ಬೇಸ್ ಇರುವ ಡಯಲ್ ಗೇಜ್ ಬೇಕು. ಮುಳ್ಳು ಕ್ರೌನ್ ಹಲ್ಲಿನ ಹೊರತುದಿಯ ಹತ್ತಿರ, ಹಲ್ಲಿನ ಮೇಲ್ಮೈಗೆ ಲಂಬವಾಗಿ, ಕ್ರೌನ್ ತಿರುಗುವ ದಿಕ್ಕಿಗೆ ಸಮನಾಗಿ ನಿಲ್ಲಬೇಕು. ಓರೆಯಾಗಿ ನಿಂತರೆ ಅಂಕಿ ಸುಳ್ಳು ಹೇಳುತ್ತದೆ. ಪಿನಿಯನ್ ಅಲುಗದಂತೆ ಹಿಡಿದು ಕ್ರೌನನ್ನು ಅತ್ತಿತ್ತ ಆಡಿಸಿ. ಕಂಪನಿಯ ಮಿತಿ 8ರಿಂದ 15 ಥೌ (0.20ರಿಂದ 0.38 ಮಿ.ಮೀ.). ಹೊರಗಿನ ತಯಾರಕರ ಗೇರುಗಳಿಗೆ ಹೆಚ್ಚಾಗಿ 6ರಿಂದ 10 ಥೌ. ಪೆಟ್ಟಿಗೆಯೊಳಗಿನ ಹಾಳೆ ಏನು ಹೇಳುತ್ತದೋ ಅದೇ ಅಂತಿಮ. ಕ್ರೌನಿನ ಸುತ್ತ ನಾಲ್ಕು ಕಡೆ ಅಳೆಯಿರಿ. ಅವುಗಳ ನಡುವಿನ ವ್ಯತ್ಯಾಸ 4 ಥೌ ದಾಟಿದರೆ ಕ್ರೌನ್ ಓರೆಯಾಗಿ ಕೂತಿದೆ: ಕ್ಯಾರಿಯರ್ ಮುಖದ ಮೇಲೆ ಉಬ್ಬು, ಕೊಳೆ, ಅಥವಾ ಬೋಲ್ಟುಗಳನ್ನು ಎದುರುಬದುರು ಬಿಗಿಯದೆ ಒಂದೇ ಬದಿಯಿಂದ ಎಳೆದದ್ದು. ಕ್ರೌನ್ ಬೋಲ್ಟುಗಳ ಬಿಗಿ 70ರಿಂದ 85 ಅಡಿ-ಪೌಂಡ್ (95ರಿಂದ 115 ನ್ಯೂಟನ್ ಮೀಟರ್), ಥ್ರೆಡ್ ಲಾಕರ್ ಸಹಿತ.

ಹಳೆಯ ಕ್ರೌನ್-ಪಿನಿಯನ್ನನ್ನೇ ಮರಳಿ ಹಾಕಿದ್ದರೆ ಪುಸ್ತಕದ ಅಂಕಿ ಬಿಡಿ. ಸಾವಿರಾರು ಕಿ.ಮೀ. ಒಂದನ್ನೊಂದು ಸವೆಸಿಕೊಂಡ ಹಲ್ಲುಗಳು ತಮ್ಮ ಹಳೆಯ ಜಾಗದಲ್ಲಿ ಮಾತ್ರ ಸುಮ್ಮನಿರುತ್ತವೆ. ಬಿಚ್ಚುವ ಮೊದಲಿದ್ದ ಪ್ಲೇ, ಮೊದಲಿದ್ದ ಪಿನಿಯನ್ ಶಿಮ್, ಇವೆರಡೇ ಗುರಿ. ಇನ್ನು ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದು ಹಾಕಿದ್ದರೆ ಯಾವ ಶಿಮ್ಮೂ ಕೈಹಿಡಿಯುವುದಿಲ್ಲ. ಅವು ಜೋಡಿಯಾಗಿ ತೀಡಿ ಹೊಂದಿಸಿದವು. ಎರಡರ ಮೇಲೂ ಕೊರೆದ ಜೋಡಿ ಅಂಕಿ ಒಂದೇ ಇರಬೇಕು.

ಹಲ್ಲಿನ ಗುರುತು ಓದುವುದು

ಇಡೀ ಕೆಲಸದ ತಿರುಳು ಇದು, ಇಲ್ಲಿ ಅವಸರ ಕೂಡದು. ಹಳದಿ ಗೇರ್ ಮಾರ್ಕಿಂಗ್ ಬಣ್ಣವನ್ನು ತೆಳುವಾಗಿ ಮೂರು ನಾಲ್ಕು ಹಲ್ಲುಗಳ ಎರಡೂ ಮುಖಕ್ಕೆ, ಕ್ರೌನಿನ ಮೂರು ಕಡೆ ಹಚ್ಚಿ. ಬಣ್ಣ ತೀರಾ ಒಣಗಿದ್ದರೆ ಒಂದು ಹನಿ ಗೇರ್ ಆಯಿಲ್ ಕಲಸಿ. ಕ್ರೌನಿನ ಹಿಂಬದಿಗೆ ಮರದ ತುಂಡು ಒತ್ತಿ ತಡೆ ಕೊಡುತ್ತ, ಪಿನಿಯನ್ ಫ್ಲ್ಯಾಂಜನ್ನು ಪಾನಾದಿಂದ ಎರಡೂ ದಿಕ್ಕಿಗೆ ತಿರುಗಿಸಿ. ತಡೆಯಿಲ್ಲದೆ ತಿರುಗಿಸಿದರೆ ಗುರುತು ಮಸುಕು ಮಸುಕಾಗಿ ಬಂದು ದಾರಿ ತಪ್ಪಿಸುತ್ತದೆ.

ಕ್ರೌನ್ ಹಲ್ಲಿನ ಉಬ್ಬಿದ ಮುಖ ಎಳೆಯುವಾಗ ಕೆಲಸ ಮಾಡುವುದು, ತಗ್ಗಿದ ಮುಖ ಇಳಿಸುವಾಗಿನದು. ಹಲ್ಲಿನ ಹೊರಗಿನ ಅಗಲ ತುದಿ ಹಿಮ್ಮಡಿ, ಒಳಗಿನ ಕಿರಿದಾದ ತುದಿ ಬೆರಳು. ಮೊದಲು ನೋಡಬೇಕಾದ್ದು ಹಿಮ್ಮಡಿ-ಬೆರಳನ್ನಲ್ಲ, ಆಳವನ್ನು: ಗುರುತು ಹಲ್ಲಿನ ನೆತ್ತಿ ಮತ್ತು ಬುಡದ ನಡುವೆ ಮಧ್ಯದಲ್ಲಿದೆಯೇ? ಎರಡೂ ಮುಖದಲ್ಲಿ ನೆತ್ತಿಗೂ ಬುಡಕ್ಕೂ ಸೋಕದೆ, ಅಂಚು ಮೃದುವಾಗಿ ಕರಗುವ ಅಂಡಾಕಾರ ಬಂದರೆ ಆಳ ಸರಿ. ಆಮೇಲೆ ಅದು ಸ್ವಲ್ಪ ಹಿಮ್ಮಡಿಗೆ ಅಥವಾ ಬೆರಳಿಗೆ ವಾಲಿದರೂ ಗಾಡಿ ಸದ್ದಿಲ್ಲದೆ ಓಡುತ್ತದೆ. ಬುಡಕ್ಕೆ ಚೂಪಾದ ಗೆರೆಯಾಗಿ ಕೂತ ಗುರುತು ಮಾತ್ರ ಉದ್ದದಲ್ಲಿ ಎಷ್ಟೇ ಮಧ್ಯದಲ್ಲಿದ್ದರೂ ಊಳಿಡುತ್ತದೆ.

ಗುರುತು ಬುಡಕ್ಕಿಳಿದಿದ್ದರೆ (ಎಳೆಯುವ ಮುಖದಲ್ಲಿ ಬೆರಳಿನತ್ತ, ಇಳಿಸುವ ಮುಖದಲ್ಲಿ ಹಿಮ್ಮಡಿಯತ್ತ ಸರಿಯುತ್ತ) ಪಿನಿಯನ್ ಒಳಕ್ಕೆ ಹೆಚ್ಚು ಬಂದಿದೆ. ನೆತ್ತಿಗೇರಿದ್ದರೆ ಪಿನಿಯನ್ ದೂರವಿದೆ. 8.8ರಲ್ಲಿ ಆಳದ ಶಿಮ್ ಕೂರುವುದು ಪಿನಿಯನ್ ತಲೆಗೂ ಒಳ ಬೇರಿಂಗಿಗೂ ನಡುವೆ. ಹಾಗಾಗಿ ದಪ್ಪ ಶಿಮ್ ಪಿನಿಯನ್ನನ್ನು ಕ್ರೌನಿನ ನಡುಗೆರೆಯತ್ತ ತಳ್ಳುತ್ತದೆ, ತೆಳು ಶಿಮ್ ದೂರ ಎಳೆಯುತ್ತದೆ. ಶಿಮ್ ಬೇರೆ ಕಡೆ ಕೂರುವ ಆಕ್ಸಲ್‌ಗಳಲ್ಲಿ ಈ ನಿಯಮ ತಿರುವುಮುರುವಾಗುತ್ತದೆ; ಬೇರೆ ಆಕ್ಸಲಿನ ಪಾಠವನ್ನು ಇಲ್ಲಿ ಹಚ್ಚಿ ಎರಡು ಮೂರು ಸಲ ವಿರುದ್ಧ ದಿಕ್ಕಿಗೆ ಹೋಗುವುದು ಸಾಮಾನ್ಯ ಎಡವಟ್ಟು.

ಎಷ್ಟು ಬದಲಿಸಬೇಕು? ಗುರುತು ಸ್ಪಷ್ಟವಾಗಿ ತಪ್ಪಿದ್ದರೆ 5ರಿಂದ 10 ಥೌ ಒಮ್ಮೆಗೇ ಸರಿಸಿ. 1 ಥೌ ಬದಲಿಸಿದರೆ ಕಣ್ಣಿಗೇ ಕಾಣುವುದಿಲ್ಲ, ಬೇರಿಂಗ್ ಎಳೆದು ಹಾಕಿದ ಶ್ರಮ ದಂಡ. ಮಧ್ಯ ದಾಟಿ ಅತ್ತ ಹೋದರೆ ಅರ್ಧ ಹಿಂದಕ್ಕೆ ಬನ್ನಿ. ಹೀಗೆ ಅರ್ಧರ್ಧ ಮಾಡುತ್ತ 2 ಥೌ ಒಳಗೆ ತಲುಪಬಹುದು. ಪ್ರತಿ ಸಲವೂ ಆಳ ಬದಲಿಸಿದೊಡನೆ ಪ್ಲೇ ಕೂಡ ಬದಲಾಗುತ್ತದೆ, ಅದನ್ನು ಮತ್ತೆ ಹೊಂದಿಸಿದ ಮೇಲೆಯೇ ಗುರುತು ತೆಗೆಯಬೇಕು. ಪ್ಲೇ ತಪ್ಪಿದ ಗುರುತನ್ನು ಓದಿ ಆಳ ತಿದ್ದಲು ಹೋದವರು ಸಂಜೆಯವರೆಗೆ ಅದೇ ಜಾಗದಲ್ಲಿ ಸುತ್ತುತ್ತಿರುತ್ತಾರೆ.

ಪದೇ ಪದೇ ಬೇರಿಂಗ್ ಎಳೆಯುವುದನ್ನು ತಪ್ಪಿಸಲು ಹಳೆಯ ಒಳ ಬೇರಿಂಗಿನ ತೂತನ್ನು ತುಸು ತೀಡಿ, ಕೈಯಲ್ಲಿ ಜಾರುವಂತೆ ಮಾಡಿ ಪರೀಕ್ಷೆಗೆ ಬಳಸುತ್ತಾರೆ. ಒಳ್ಳೆಯ ಉಪಾಯ. ಆದರೆ ಹೊಸ ಬೇರಿಂಗಿನ ದಪ್ಪ ಒಂದೆರಡು ಥೌ ಬೇರೆ ಇರಬಹುದು. ಕೊನೆಗೆ ಹೊಸದನ್ನು ಒತ್ತಿ ಕೂರಿಸಿದ ಮೇಲೆ ಗುರುತು ಇನ್ನೊಮ್ಮೆ ತೆಗೆಯಲೇಬೇಕು.

ಸವೆದ ಹಳೆಯ ಗೇರಿನಲ್ಲಿ ಎಳೆಯುವ ಮುಖದ ಗುರುತನ್ನು ನಂಬಬೇಡಿ. ಕಡಿಮೆ ಸವೆದ ಇಳಿಸುವ ಮುಖ ಹೆಚ್ಚು ಸರಿಯಾದ ಸುಳಿವು ಕೊಡುತ್ತದೆ.

ಪಿನಿಯನ್ ಪ್ರೀಲೋಡ್: ಸುಕ್ಕುವ ಸ್ಲೀವಿನ ಕತೆ

ಎರಡು ಪಿನಿಯನ್ ಬೇರಿಂಗುಗಳ ನಡುವೆ ತೆಳು ಉಕ್ಕಿನ ಕ್ರಶ್ ಸ್ಲೀವ್ ಇರುತ್ತದೆ. ನಟ್ ಬಿಗಿದಾಗ ಅದು ಸುಕ್ಕಿ, ಬೇರಿಂಗುಗಳು ಬೇಕಾದಷ್ಟು ಒತ್ತಿಕೊಳ್ಳುತ್ತವೆ. ಸುಕ್ಕಲು ಶುರುವಾಗಬೇಕಾದರೇ ಭಾರೀ ಬಲ ಬೇಕು. ಫ್ಲ್ಯಾಂಜ್ ಹಿಡಿಯಲು ಉದ್ದನೆಯ ಪಟ್ಟಿ, ನಟ್‌ಗೆ ಮೀಟರ್ ಉದ್ದದ ಹಿಡಿ ಬೇಕಾಗುತ್ತದೆ. ನಟ್ ಬಿಗಿ ಕನಿಷ್ಠ 140 ಅಡಿ-ಪೌಂಡ್ (190 ನ್ಯೂಟನ್ ಮೀಟರ್) ಇರಬೇಕು, ಆದರೆ ಬಿಗಿದು ನಿಲ್ಲಿಸಬೇಕಾದ್ದು ಆ ಅಂಕಿ ನೋಡಿ ಅಲ್ಲ, ಪಿನಿಯನ್ ತಿರುಗಿಸಲು ಬೇಕಾದ ಬಲ ನೋಡಿ.

ಹೊಸ ಬೇರಿಂಗಿಗೆ 16ರಿಂದ 29 ಇಂಚ್-ಪೌಂಡ್ (1.8ರಿಂದ 3.3 ನ್ಯೂಟನ್ ಮೀಟರ್), ಬಳಸಿದ ಬೇರಿಂಗಿಗೆ 8ರಿಂದ 14 (0.9ರಿಂದ 1.6). ಕ್ಯಾರಿಯರ್ ಹೊರಗಿದ್ದಾಗ, ಸೀಲ್ ಸಹಿತ ಅಳೆಯಬೇಕು. ‘ಕ್ಲಿಕ್’ ಎನ್ನುವ ಟಾರ್ಕ್ ರೆಂಚ್ ಇದಕ್ಕೆ ಬಾರದು, ಮುಳ್ಳು ತೋರಿಸುವಂಥದ್ದೇ ಬೇಕು. ಹೊರಡುವ ಕ್ಷಣದ ಜಿಗಿತ ಬಿಟ್ಟು, ಒಂದೇ ಸಮ ತಿರುಗುತ್ತಿರುವಾಗಿನ ಅಂಕಿ ಬರೆದುಕೊಳ್ಳಿ. ಆ ರೆಂಚ್ ಇಲ್ಲದಿದ್ದರೆ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ: ಎಳೆತದ ಪೌಂಡನ್ನು ದಾರ ಕೂತ ಜಾಗದ ತ್ರಿಜ್ಯದ ಇಂಚಿನಿಂದ ಗುಣಿಸಿದರೆ ಇಂಚ್-ಪೌಂಡ್ ಬಂತು. ತ್ರಿಜ್ಯ 2 ಇಂಚಾದರೆ 10 ಪೌಂಡ್ (4.5 ಕೆ.ಜಿ.) ಎಳೆತ ಎಂದರೆ 20 ಇಂಚ್-ಪೌಂಡ್.

ಸ್ಲೀವ್ ಸುಕ್ಕಲು ಶುರುವಾಗುವವರೆಗೆ ಏನೂ ಆಗದಂತಿದ್ದು, ಆಮೇಲೆ ನಟ್ ಸ್ವಲ್ಪವೇ ತಿರುಗಿದರೂ ಪ್ರೀಲೋಡ್ ಸರ್ರನೆ ಏರುತ್ತದೆ. ಆಟ ಹೋದ ಮೇಲೆ ಕೂದಲೆಳೆಯಷ್ಟು ಬಿಗಿದು, ಅಳೆದು, ಮತ್ತೆ ಬಿಗಿಯಬೇಕು. ಇಂಪ್ಯಾಕ್ಟ್ ಗನ್ ಹಿಡಿದು ಕೊನೆಯವರೆಗೆ ಹೋದರೆ ಮಿತಿ ದಾಟುವುದು ಖಂಡಿತ. ದಾಟಿತೆಂದು ನಟ್ ಹಿಂದಕ್ಕೆ ಸಡಿಲಿಸುವುದು ಮನೆಯ ಜೋಡಣೆಗಳನ್ನು ಕೆಡಿಸುವ ಅತಿ ದೊಡ್ಡ ತಪ್ಪು. ಒಮ್ಮೆ ಸುಕ್ಕಿದ ಸ್ಲೀವ್ ಮರಳಿ ಉದ್ದವಾಗುವುದಿಲ್ಲ. ನಟ್ ಸಡಿಲಾಗಿ, ಬೇರಿಂಗ್ ಶಾಫ್ಟಿನ ಮೇಲೆ ಸುತ್ತಲು ಶುರುವಾಗಿ, ಎರಡು ವಾರದಲ್ಲಿ ಇಳಿಸುವಾಗಿನ ಗುನುಗು ಹುಟ್ಟುತ್ತದೆ. ಹೊಸ ಸ್ಲೀವ್, ಹೊಸ ನಟ್ ಹಾಕಿ ಮೊದಲಿನಿಂದ ಮಾಡಬೇಕು. ಸ್ಲೀವಿನ ಬೆಲೆ ಅಲ್ಪ, ಕೆಲಸಕ್ಕೆ ಕೂರುವ ಮೊದಲೇ ಎರಡು ತಂದಿಟ್ಟುಕೊಳ್ಳಿ.

80 ಕಿ.ಮೀ. ಓಡಿದ ಮೇಲೆ ಸದ್ದು ಶುರುವಾಗುವ ಪ್ರಕರಣಕ್ಕೆ ಸಾಮಾನ್ಯ ಕಾರಣ, ಹೌಸಿಂಗಿನಲ್ಲಿ (ಎಲ್ಲವನ್ನೂ ಹಿಡಿದಿರುವ ಹೊರ ಪೆಟ್ಟಿಗೆ) ಬೇರಿಂಗ್ ಕಪ್, ಅಂದರೆ ಹೊರ ಉಂಗುರ, ತಳಮುಟ್ಟ ಕೂತಿರುವುದಿಲ್ಲ. ಹೊರೆಗೆ ಅದು ಒಂದೆರಡು ಥೌ ಒಳಸರಿದೊಡನೆ ಇದ್ದ ಪ್ರೀಲೋಡ್ ಪೂರ್ತಿ ಹೋಗುತ್ತದೆ, ಆಳವೂ ಬದಲಾಗುತ್ತದೆ. ಕಪ್ ಬಡಿಯುವಾಗ ‘ಟಣ್’ ಸದ್ದು ಗಟ್ಟಿ ‘ದಡ್’ ಆಗುವವರೆಗೆ ಬಡಿಯಬೇಕು. ಆಮೇಲೆ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ, ಕಪ್ಪಿಗೂ ಅಂಚಿಗೂ ನಡುವೆ ಬೆಳಕಿನ ಗೆರೆ ಕಾಣಬಾರದು. ಬೇರಿಂಗ್ ಒತ್ತುವಾಗ ಪ್ರೆಸ್ಸಿನ ಬಲ ಒಳ ರಿಂಗಿನ ಮೇಲೆ ಬೀಳದೆ ಪಂಜರದ ಮೇಲೆ ಬಿದ್ದಿದ್ದರೆ ಆ ಬೇರಿಂಗ್ ಎಂದೂ ಸದ್ದಿಲ್ಲದೆ ತಿರುಗದು. ಕೈಯಲ್ಲಿ ತಿರುಗಿಸಿದಾಗ ಒಂದು ಜಾಗದಲ್ಲಿ ಸಿಕ್ಕಿದಂತಾದರೆ ಎಸೆದುಬಿಡಿ.

ಕ್ಯಾರಿಯರ್ ಬದಿಯ ಬಿಗಿ

ಎರಡೂ ಬದಿ ಶಿಮ್ ಹಾಕಿ ಆಟವಿಲ್ಲದೆ ಸರಿಯಾಗಿ ಕೂತ ಮೇಲೆ, ಪ್ರತಿ ಬದಿಗೂ ಸುಮಾರು 4ರಿಂದ 6 ಥೌ ಹೆಚ್ಚಿಸಬೇಕು. ಕೊನೆಯ ಶಿಮ್ಮನ್ನು ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿಯೇ ಕೂರಿಸುವಂತಿರಬೇಕು. ಕೈಯಲ್ಲಿ ಜಾರಿ ಹೋಯಿತೆಂದರೆ ಪ್ರೀಲೋಡ್ ಇಲ್ಲ. ಹೊರೆ ಬಿದ್ದಾಗ ಕ್ರೌನ್ ಪಿನಿಯನ್ನಿನಿಂದ ದೂರ ಬಾಗಿ ಗುರುತು ಹಿಮ್ಮಡಿಗೆ ಓಡುತ್ತದೆ. ಬೆಂಚಿನಲ್ಲಿ ಚೆನ್ನಾಗಿ ಕಂಡ ಗುರುತು ರಸ್ತೆಯಲ್ಲಿ ಊಳಿಡುವುದಕ್ಕೆ ಇದೊಂದು ಮುಖ್ಯ ಕಾರಣ.

ಪ್ಲೇ ತಿದ್ದುವಾಗ ಒಂದು ಬದಿಯಿಂದ ತೆಗೆದಷ್ಟನ್ನೇ ಇನ್ನೊಂದು ಬದಿಗೆ ಸೇರಿಸಿ, ಒಟ್ಟು ದಪ್ಪ ಬದಲಾಗಬಾರದು. 10 ಥೌ ಶಿಮ್ ದಾಟಿಸಿದರೆ ಪ್ಲೇ ಸುಮಾರು 7 ಥೌ ಬದಲಾಗುತ್ತದೆ. ಕ್ರೌನ್ ಪಿನಿಯನ್ನಿನತ್ತ ಹೋದರೆ ಪ್ಲೇ ಕಡಿಮೆ.

ಬೇರಿಂಗ್ ಕ್ಯಾಪುಗಳನ್ನು (ಕ್ಯಾರಿಯರ್ ಬೇರಿಂಗನ್ನು ಹೌಸಿಂಗಿಗೆ ಬಿಗಿಯುವ ಅರ್ಧವೃತ್ತದ ಹಿಡಿಕೆಗಳು) ಹೌಸಿಂಗಿನ ಮೇಲಿಟ್ಟೇ ಕೊರೆದಿರುತ್ತಾರೆ. ಎಡದ್ದು ಬಲಕ್ಕೆ ಹೋದರೆ, ತಲೆಕೆಳಗಾದರೆ ಬೇರಿಂಗ್ ಹೊರ ಕಪ್ ಹಿಂಡಿಕೊಳ್ಳುತ್ತದೆ, ಕೆಲವೇ ದಿನದಲ್ಲಿ ಗುಡುಗುತ್ತದೆ. ಬಿಚ್ಚುವ ಮುನ್ನ ಸೆಂಟರ್ ಪಂಚಿನಿಂದ ಎಡಕ್ಕೊಂದು ಚುಕ್ಕೆ, ಬಲಕ್ಕೆ ಎರಡು. ಬಿಗಿ 70ರಿಂದ 85 ಅಡಿ-ಪೌಂಡ್.

ತಿರುವಿನಲ್ಲಿ ಕಟಕಟ

ಲಿಮಿಟೆಡ್ ಸ್ಲಿಪ್ ಇರುವ ಗಾಡಿ ತಿರುವಿನಲ್ಲಿ ನಡುಗಿ ಕಟಕಟಿಸಿದರೆ ಮೊದಲು ಫ್ರಿಕ್ಷನ್ ಮಾಡಿಫೈಯರ್ (ಕ್ಲಚ್ ನಯವಾಗಿ ಜಾರಲು ಆಯಿಲಿಗೆ ಬೆರೆಸುವ ದ್ರವ) ಹಾಕಿದ್ದೀರೋ ಎಂದು ನೆನಪು ಮಾಡಿಕೊಳ್ಳಿ: 4 ಔನ್ಸ್, ಅಂದರೆ ಸುಮಾರು 118 ಮಿ.ಲೀ. ಹಾಕಿ ಖಾಲಿ ಮೈದಾನದಲ್ಲಿ ಹತ್ತು ಹನ್ನೆರಡು ಸಲ ನಿಧಾನವಾಗಿ ‘8’ ಆಕಾರ ಬರೆಯಿರಿ. ಅದರಲ್ಲೇ ಹೋಗುವುದುಂಟು. ಹೊಸ ಕ್ಲಚ್ ಪ್ಲೇಟುಗಳನ್ನು ಮಾಡಿಫೈಯರಿನಲ್ಲಿ ನೆನೆಸದೆ ಒಣಗಿದ್ದಂತೆಯೇ ಜೋಡಿಸಿದ್ದರೆ ಮತ್ತೆ ಬಿಚ್ಚಬೇಕಾಗಬಹುದು. ಒಂದು ಹಿಂಚಕ್ರ ನೆಲದ ಮೇಲೆ, ಇನ್ನೊಂದು ಮೇಲೆತ್ತಿ, ನ್ಯೂಟ್ರಲ್‌ನಲ್ಲಿ ಎತ್ತಿದ ಚಕ್ರ ತಿರುಗಿಸಲು 20 ಅಡಿ-ಪೌಂಡಿಗಿಂತ ಕಡಿಮೆ ಸಾಕಾದರೆ ಕ್ಲಚ್ ಸವೆದಿದೆ.

ಸೋರಿಕೆ, ಎಬಿಎಸ್ ದೀಪ

ಹೊಸ ಸೀಲ್ ಹಾಕಿದರೂ ಪಿನಿಯನ್ ಕಡೆ ಸೋರಿದರೆ ಫ್ಲ್ಯಾಂಜಿನ ಮೇಲೆ ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಗುತ್ತದೋ ನೋಡಿ. ಸೀಲ್ ಸರಿಯಾಗಿದ್ದು ನಟ್ ಕಡೆಯಿಂದ ಜಿನುಗಿದರೆ ಫ್ಲ್ಯಾಂಜಿನ ಒಳ ಹಲ್ಲುಗಳಿಗೆ ಸೀಲೆಂಟ್ ಹಚ್ಚಿಲ್ಲ. ಎಲ್ಲ ಸೀಲೂ ಒಟ್ಟಿಗೆ ಸೋರಿದರೆ ಆಕ್ಸಲ್ ಮೇಲಿನ ಗಾಳಿ ಕೊಳವೆ ಕಟ್ಟಿದೆ. ಬಿಸಿಯಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಆಯಿಲನ್ನು ಸೀಲಿನಿಂದ ತಳ್ಳುತ್ತಿದೆ. ಇದನ್ನು ಬಿಟ್ಟರೆ ಬ್ರೇಕ್ ಲೈನರ್ ಆಯಿಲಿನಲ್ಲಿ ನೆನೆಯುತ್ತದೆ.

ಹೌಸಿಂಗಿನ ಮೇಲೆ ವೇಗದ ಸೆನ್ಸರ್ ಇರುವ ಗಾಡಿಗಳಲ್ಲಿ ಕ್ಯಾರಿಯರಿಗೆ ಒತ್ತಿ ಕೂರಿಸಿದ ಹಲ್ಲಿನ ಉಂಗುರವೊಂದಿರುತ್ತದೆ. ಹೊಸ ಕ್ಯಾರಿಯರಿಗೆ ಅದನ್ನು ದಾಟಿಸಲು ಮರೆತರೆ, ಸುತ್ತಿಗೆ ತಾಗಿ ಬಿರಿದರೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಉರಿಯುತ್ತದೆ. ಸೆನ್ಸರ್ ತುದಿಯಲ್ಲಿ ಆಯಸ್ಕಾಂತವಿರುವುದರಿಂದ ಕಬ್ಬಿಣದ ಪುಡಿ ಅಲ್ಲೇ ಹತ್ತಿಕೊಳ್ಳುತ್ತದೆ, ತೆಗೆದು ಒರೆಸಿ.

ಮತ್ತೆ ಕಟ್ಟಿದ ಮೇಲೆ

ಕ್ರಾಸ್ ಪಿನ್ನಿನ ಲಾಕ್ ಬೋಲ್ಟಿಗೆ ಥ್ರೆಡ್ ಲಾಕರ್ ಹಚ್ಚಿ 15ರಿಂದ 30 ಅಡಿ-ಪೌಂಡ್ ಮಾತ್ರ ಬಿಗಿಯಿರಿ. ಇದು ಸಣ್ಣ ಬೋಲ್ಟ್, ಹೆಚ್ಚು ಬಿಗಿದರೆ ತುಂಡಾಗುತ್ತದೆ. ಬಿದ್ದುಹೋದರೆ ಪಿನ್ ಜಾರಿ, ಕ್ಲಿಪ್ ಬಿದ್ದು, ಆಕ್ಸಲ್ ಚಕ್ರದ ಸಮೇತ ಹೊರಬರುತ್ತದೆ. ಮುಚ್ಚಳಕ್ಕೆ ಸಿಲಿಕಾನ್ ಹಚ್ಚಿ 28ರಿಂದ 38 ಅಡಿ-ಪೌಂಡ್ ಬಿಗಿದು, ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ಆಯಿಲ್ ತುಂಬಿ.

ಹೊಸ ಕ್ರೌನ್-ಪಿನಿಯನ್ ಆದರೆ ಮೊದಲು 25ರಿಂದ 30 ಕಿ.ಮೀ. ಹಗುರವಾಗಿ, ವೇಗ ಬದಲಿಸುತ್ತ ಓಡಿಸಿ. ಅರ್ಧ ಗಂಟೆ ಪೂರ್ತಿ ತಣಿಯಲು ಬಿಡಿ, ಮಟ್ಟ ಮತ್ತೆ ನೋಡಿ. ಮೊದಲ 800 ಕಿ.ಮೀ. ಟ್ರೈಲರ್ ಕಟ್ಟಬೇಡಿ, ಹೊರೆ ಹಾಕಬೇಡಿ. 800 ಮುಟ್ಟಿದಾಗ ಆಯಿಲ್ ಬದಲಿಸಿ, ಅದೇ ಬಿಳಿ ಬಟ್ಟೆಯ ಮೇಲೆ ಸೋಸಿ. ಆ ನಂತರ ಟ್ರೈಲರ್ ಕಟ್ಟುವುದಾದರೂ ಮೊದಲ ಕೆಲವು ಓಟಗಳಲ್ಲಿ ಪ್ರತಿ 25 ಕಿ.ಮೀ.ಗೊಮ್ಮೆ ನಿಲ್ಲಿಸಿ, ಪಿನಿಯನ್ ಕುತ್ತಿಗೆಯ ಬಿಸಿ ನೋಡಿ, ತಣಿದ ಮೇಲೆ ಮುಂದೆ ಹೊರಡಿ.